ಕೈಯಲ್ಲಿ ಮಾಡಿದ ಸಿಡಿಲುಗಲ್ಲು

ನಾನು ಮಣ್ಣು ಅಗೆದೇ ಮುದುಕಿಯಾದೆ. ಬಾವಿಗಾಗಿ ಅಗೆಯಲಿಲ್ಲ, ಮನೆಯ ಬುನಾದಿಗಾಗಿಯೂ ಅಲ್ಲ. ಹಿಂದಿನ ಮಂದಿ ನೆಲದೊಳಗೆ ಏನು ಬಿಟ್ಟು ಹೋಗಿದ್ದಾರೆ ಎಂದು ನೋಡಲು ಅಗೆದೆ. ಅದಕ್ಕೆ ಉತ್ಖನನ ಎಂಬ ದೊಡ್ಡ ಹೆಸರಿದೆ. ನಾವು ಹೆಂಗಸರು ಗುಂಡಿ ಕೆಲಸ ಎನ್ನುತ್ತಿದ್ದೆವು. ಈಗ ಮತ್ತೆ ದೇವದುರ್ಗದ ಕಡೆ ಗುಂಡಿ ಕೆಲಸ ಶುರುವಾಗಿದೆ, ಹೊಸ ಹುಡುಗಿಯರು ಹೋಗುತ್ತಿದ್ದಾರೆ. ಅವರನ್ನು ನೋಡಿಕೊಳ್ಳುವ ರೇಣುಕಾ ಎಂಬಾಕೆ ರಾಯಚೂರಿನಲ್ಲಿ ಓದಿದವಳು. ಅವಳು ಬಂದು, "ಯವ್ವಾ, ನೀ ಕಂಡದ್ದು ಬರದು ಕೊಡು, ಈ ಹುಡುಗ್ಯಾರು ಓದ್ತಾರ" ಎಂದಳು.

ನನಗೆ ಅಕ್ಷರ ಬಂದದ್ದೇ ಗುಂಡಿಯಲ್ಲಿ. ಯಾವ ಗುಂಡಿ, ಎಷ್ಟನೆಯ ಪದರ ಎಂದು ಚೀಲದ ಮೇಲೆ ಬರೆಯುವುದಕ್ಕೆ ಕಲಿಸಿದರು. ಅಷ್ಟು ಅಕ್ಷರದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ಬರೆಯುತ್ತೇನೆ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ, ನನ್ನನ್ನು ಕರೆಯಬೇಡಿ.

ನನ್ನ ಹೆಸರು ಹುಸೇನಮ್ಮ. ಮೊಹರಂನಲ್ಲಿ ಹರಕೆ ಹೊತ್ತ ಮೇಲೆ ಹುಟ್ಟಿದವಳು ಎಂದು ಅಪ್ಪ ಈ ಹೆಸರಿಟ್ಟ. ಹೊರಗಿನಿಂದ ಬಂದ ಸಾಹೇಬರು ಈ ಹೆಸರು ಕೇಳಿ, ಕುಂಕುಮ ನೋಡಿ, ಮತ್ತೊಮ್ಮೆ ಹೆಸರು ಕೇಳುತ್ತಿದ್ದರು. ನಮ್ಮ ಕಡೆ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಪ್ರತಿ ಊರಿನಲ್ಲೂ ನಾಲ್ಕು ಜನ ಹುಸೇನಪ್ಪಂದಿರು ಇರುತ್ತಾರೆ, ಎಲ್ಲರೂ ಹನುಮಪ್ಪನ ಗುಡಿಗೆ ಹೋಗುವವರೇ.

ಕೆಲಸ ಸಿಕ್ಕದ್ದು ಮಾನ್ವಿ ಹತ್ತಿರ. ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆವು. ಪಕ್ಕದ ದಿಬ್ಬದ ಮೇಲೆ ಗಂಡಸರು ಅಗೆಯುತ್ತಿದ್ದರು, ಒಬ್ಬ ಸಾಹೇಬರು ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು. ಅವರೇ ಇನಾಮದಾರ ಸರ್, ಧಾರವಾಡದ ಕಡೆಯವರು. ಎದ್ದು ನಮ್ಮ ಹತ್ತಿರ ಬಂದರು.

"ಮೆಲ್ಲಕ ಅಗಿಯೋರು ಯಾರರೆ ಇದ್ದೀರೇನವಾ? ಇವರು ಬಾಳ ಜೋರು ಅಗೀತಾರ."

ನನ್ನ ಜೊತೆಗಿದ್ದ ಹುಲಿಗೆಮ್ಮ ನಕ್ಕಳು. "ಮೆಲ್ಲಕ ಮಾಡಿದ್ರ ಪಗಾರ ಕೊಡೋ ಮಾಲಕನ್ನ ಇವತ್ತ ನೋಡಿದೆ. ನಡಿ ಹುಸೇನಿ."

ಹಾಗೆ ಹೋದವರು ಉಳಿದುಬಿಟ್ಟೆವು. ಹುಡುಗಿಯರೇ, ನೀವು ಮೊದಲು ಕಲಿಯಬೇಕಾದದ್ದು ಇದೇ. ನೆಲದಲ್ಲಿ ಏನಾದರೂ ಕಂಡರೆ ಕೀಳಬೇಡಿ. ಕಂಡದ್ದರ ಸುತ್ತ ಕೆರೆಯಿರಿ. ಅದು ಎಲ್ಲಿ ಕುಳಿತಿತ್ತು ಎನ್ನುವುದು ಅದಕ್ಕಿಂತ ದೊಡ್ಡದು. ಚಿನ್ನ ಸಿಕ್ಕಿತಾ ಎಂದು ಊರವರು ಕೇಳುತ್ತಾರೆ, ಪ್ರತಿ ಊರಿನಲ್ಲೂ ಕೇಳುತ್ತಾರೆ. ಇಲ್ಲ ಎಂದರೆ ನಂಬುವುದಿಲ್ಲ. ಅದಕ್ಕೆ ಹುಲಿಗೆಮ್ಮ, "ಸಿಕ್ಕದ, ನಾ ಇಟಗೊಂಡೀನಿ, ಅದಕ್ಕ ಹರಕ ಸೀರಿ ಉಟ್ಟೀನಿ" ಎನ್ನುತ್ತಿದ್ದಳು.

ಹುಲಿಗೆಮ್ಮನ ಒಂದು ಕಥೆ ಹೇಳಲೇಬೇಕು. ಹಳೆಯ ಮಡಕೆಯ ಚೂರಿಗೆ ನಾವು ಬೋಕಿ ಎನ್ನುತ್ತೇವೆ. ಒಂದು ಸಲ ಒಳಗೆಲ್ಲ ಮಸಿ ಹಿಡಿದ ದೊಡ್ಡ ಬೋಕಿಗಳು ಸಿಕ್ಕವು. ತೊಳೆದು ಇಡಿ ಎಂದರು ಸರ್. ಹುಲಿಗೆಮ್ಮ ಅಡುಗೆಯ ಡೇರೆಯಿಂದ ಹುಣಸೆಹಣ್ಣು ತಂದು, ಬೂದಿ ಹಚ್ಚಿ, ಮದುವೆ ಮನೆಯ ತಪ್ಪಲೆ ತಿಕ್ಕಿದ ಹಾಗೆ ತಿಕ್ಕಿಟ್ಟಳು. ಫಳಫಳ ಹೊಳೆಯುತ್ತಿದ್ದವು. ಸರ್‌ಗೆ ಬೇಕಾಗಿದ್ದದ್ದು ಆ ಮಸಿಯೇ. ಅದರಲ್ಲಿ ಆ ಕಾಲದವರು ಏನು ಬೇಯಿಸಿ ತಿಂದರು ಎಂದು ಗೊತ್ತಾಗುತ್ತದಂತೆ. ಅವರು ಬೋಕಿ ನೋಡಿದರು, ಅವಳನ್ನು ನೋಡಿದರು.

"ಹುಲಿಗೆಮ್ಮಾ, ಅವರ ಮನಿ ಅಡಗಿ ಸುದ್ದಿ ಎಲ್ಲಾ ತೊಳದುಬಿಟ್ಟಿ."

"ಯಪ್ಪಾ, ಇಷ್ಟ ದಿನ ಮುಸುರಿ ತಿಕ್ಕಲಾರದ ಇಟ್ಟಾರ. ಏನ್ ಹೆಂಗಸರು ಅವರು?"

ಸರ್ ಬಯ್ಯಲಿಲ್ಲ. ಅವರಿಗೆ ಸಿಟ್ಟು ಬಂದರೆ ಕನ್ನಡಕ ಒರೆಸುತ್ತಿದ್ದರು. ಆ ದಿನ ಬಹಳ ಹೊತ್ತು ಒರೆಸಿದರು.

ನಾನು ಹೇಳಬೇಕೆಂದದ್ದು ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಸಂಗತಿ. ಹಳ್ಳಿಯ ಹೆಸರು ಬರೆಯುವುದಿಲ್ಲ, ಅಲ್ಲಿಯವರು ನನಗೆ ಇಂದಿಗೂ ಜೋಳ ಕೊಡುತ್ತಾರೆ.

ಆ ಹಳ್ಳಿಯ ಪಕ್ಕದಲ್ಲಿ ಬಂಡೆಯ ಗುಡ್ಡ. ಗುಡ್ಡದ ಬುಡದಲ್ಲಿ ಶರಣಪ್ಪಗೌಡರ ಹೊಲ. ಆ ಹೊಲದಲ್ಲೇ ನಮ್ಮ ಗುಂಡಿ. ಕಾಲುವೆಯ ನೀರು ಬಂದಿತ್ತು, ಗೌಡರಿಗೆ ಅಲ್ಲಿ ಭತ್ತದ ಗದ್ದೆ ಮಾಡಬೇಕಿತ್ತು. "ಜೋಳದ ರಾಶಿ ಮುಗಿಯೂತನ ಅಗೀರಿ. ಆಮ್ಯಾಲ ಟ್ರ್ಯಾಕ್ಟರ್ ಹಚ್ಚಿ ಸಪಾಟ ಮಾಡಾಂವ ನಾನು" ಎಂದು ಮೊದಲೇ ಹೇಳಿದ್ದರು. ಸಪಾಟು ಮಾಡಿದರೆ ಮುಗಿಯಿತು. ಕೆಳಗೆ ಏನಿದ್ದರೂ ಪುಡಿ. ಗುಂಡಿಯಲ್ಲಿ ಆಗಷ್ಟೇ ಗಟ್ಟಿಯಾಗಿ ಬಡಿದ ನೆಲ ಕಾಣತೊಡಗಿತ್ತು, ಯಾರದೋ ಮನೆಯ ನೆಲ. ಅದನ್ನು ಪೂರ್ತಿ ಬಿಡಿಸಿ ನೋಡಬೇಕು, ರಾಶಿಗೆ ಮುಂಚೆ. ಸರ್‌ಗೆ ಅದೇ ಚಿಂತೆ. ನನಗೂ ಅದೇ ಚಿಂತೆ, ಯಾಕೆಂದರೆ ಆ ನೆಲದ ಅಂಚು ಮೊದಲು ಕಂಡದ್ದು ಮಣ್ಣು ಕೆರೆಯುವ ನನ್ನ ಕರಣಿಗೆ.

ಹೊಲದ ದಂಡೆಯಲ್ಲಿ ಬೇವಿನ ಗಿಡ, ಅದರ ಬುಡಕ್ಕೆ ಗುಡ್ಡದವ್ವನ ಕಟ್ಟೆ. ಅವ್ವನಿಗೆ ಮೂರ್ತಿ ಇಲ್ಲ. ಕಟ್ಟೆಯ ಮೇಲೆ ಕರಿಕಲ್ಲುಗಳು ಒತ್ತೊತ್ತಾಗಿ ಕುಳಿತಿವೆ. ಒಂದೊಂದೂ ಅಂಗೈಯಷ್ಟು, ನುಣುಪು, ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲವಾದ ಹರಿತ ಬಾಯಿ. ನೇಗಿಲು ಹೊಡೆಯುವಾಗ ಸಿಕ್ಕರೆ ತಂದು ಅಲ್ಲಿ ಇಡುವುದು. ಅವು ಸಿಡಿಲಿನ ಜೊತೆ ಮುಗಿಲಿನಿಂದ ಬಿದ್ದವು ಎಂದು ಊರಿನ ನಂಬಿಕೆ. ಎತ್ತಿಗೆ ಹೊಟ್ಟೆ ಉಬ್ಬಿದರೆ ಆ ಕಲ್ಲು ತೊಳೆದ ನೀರು ಕುಡಿಸುತ್ತಾರೆ. ಪೂಜಾರಿ ದುರುಗಪ್ಪ. ಕಡ್ಡಿಯಂಥ ಆಳು, ಮಾತು ಮಾತ್ರ ಗುದ್ದಲಿಯಂಥದ್ದು.

ಮಧ್ಯಾಹ್ನ ಆ ಬೇವಿನ ನೆರಳಿನಲ್ಲೇ ನಮ್ಮ ರೊಟ್ಟಿ, ದುರುಗಪ್ಪನೂ ಕಟ್ಟೆಯ ಪಕ್ಕ ಕುಳಿತು ನಮ್ಮ ಮಾತು ಕೇಳುತ್ತಿದ್ದ. ಒಂದು ದಿನ ಹುಲಿಗೆಮ್ಮನಿಗೆ ಒಂದು ಬೋಕಿ ಸಿಕ್ಕಿತ್ತು, ಅದರ ಅಂಚಿನಲ್ಲಿ ಸಾಲಾಗಿ ಬೆರಳಿನಿಂದ ಒತ್ತಿದ ಗುರುತು. ಅದರಲ್ಲಿ ತನ್ನ ಬೆರಳಿಟ್ಟು ನೋಡಿ ಸರ್ ಅವರನ್ನು ಕೇಳಿದಳು.

"ಸರ್, ಮೊದಲ ಮಂದೀಗೆ ಬುದ್ಧಿ ಹ್ಯಾಂಗ ಬಂತ್ರಿ? ಯಾರು ಕಲಿಸಿದ್ರು?"

ಸರ್ ಬಾಯಲ್ಲಿ ರೊಟ್ಟಿ ಇತ್ತು. ಅಷ್ಟರಲ್ಲಿ ಖಾಸಿಂಸಾಬ ಶುರು ಮಾಡಿದ. ಅವನು ಮಾನ್ವಿಯವನು, ಗುಂಡಿಗೆ ದಾರ ಕಟ್ಟಿ ಅಳತೆ ಹಿಡಿಯುವವನು. "ಅಲ್ಲಾ ಮಣ್ಣಿಲೆ ಆದಮ್‌ನ್ನ ಮಾಡಿದ. ಆಮ್ಯಾಲ ಒಂದೊಂದು ಚೀಜಿನ ಹೆಸರು ಕಲಿಸಿದ. ಫರಿಸ್ತೇರಿಗೂ, ಅಂದ್ರ ಅವನ ದೂತರಿಗೂ, ಗೊತ್ತಿರಲಿಲ್ಲ ಆ ಹೆಸರು. ಹೆಸರು ಗೊತ್ತಾತು, ಬುದ್ಧಿ ಬಂತು."

"ನಮ್ಮ ಶಿವಪ್ಪನೂ ಮಣ್ಣಿಲೇ ಗೊಂಬಿ ಮಾಡಿದ, ಪಾರ್ವತವ್ವ ಜೀವ ತುಂಬು ಅಂದ್ಲು" ಎಂದಳು ಹುಲಿಗೆಮ್ಮ. "ನಿಮ್ಮೋನೂ ಮಣ್ಣು, ನಮ್ಮೋನೂ ಮಣ್ಣು. ಇಬ್ಬರೂ ಒಂದ ಹೊಲಕ್ಕ ಬಂದಿರಬೇಕು ಬಿಡು."

ಗೌಡರು ಹೊಲ ನೋಡಲು ಬಂದವರು ಅಲ್ಲೇ ನಿಂತಿದ್ದರು. ಹಣೆ ತುಂಬ ವಿಭೂತಿ. "ಬುದ್ಧಿ ಹೊರಗಿಂದ ಬರಂಗಿಲ್ಲವಾ. ಶಿವ ಒಳಗ ಇಟ್ಟ ಕಳಿಸ್ಯಾನ. ಬೀಜದಾಗ ಗಿಡ ಇದ್ದಂಗ."

ಹುಲಿಗೆಮ್ಮ ನನ್ನ ಕಿವಿಯಲ್ಲಿ, "ಕೆಲವರದು ಇನ್ನೂ ಮೊಳಕಿ ಒಡದಿಲ್ಲ" ಎಂದಳು. ನನಗೆ ರೊಟ್ಟಿ ಗಂಟಲಿಗೆ ಸಿಕ್ಕಿತು.

ಸರ್ ನೀರು ಕುಡಿದು ಹೇಳಿದರು. "ನಮ್ಮ ಶಾಸ್ತ್ರ ಹೇಳೋದು ಬ್ಯಾರೆ. ಒಂದ ದಿನಕ್ಕ ಬರಲಿಲ್ಲ ಬುದ್ಧಿ. ನಮ್ಮ ಹಿರ‍್ಯಾರು ನಾಕು ಕಾಲ ಬಿಟ್ಟು ಎರಡು ಕಾಲ ಮ್ಯಾಲ ನಿಂತ್ರು, ಕೈ ಖಾಲಿ ಆದ್ವು. ಖಾಲಿ ಕೈ ಸುಮ್ನ ಇರತಾವೇನು? ಕಲ್ಲು ಹಿಡದ್ವು, ಒಡದ್ವು. ಕೈ ಕಲತದ್ದು ತಲಿಗೆ ಏರ್ತು. ಕಲತದ್ದು ಮಕ್ಕಳಿಗೆ ತೋರಸಬೇಕಂತ ಮಾತು ಬೆಳೀತು. ಎಷ್ಟೋ ತಲಿಮಾರು ಹಿಡೀತು."

"ಆದ್ರ ಎಲ್ಲಾಕ್ಕಿಂತ ಮೊದಲು ಜೀವ ಅನ್ನೋದು ಎಲ್ಲಿಂದ ಬಂತ್ರಿ?" ಎಂದೆ ನಾನು.

"ಅದು ನನಗ ಪೂರ್ತಿ ಗೊತ್ತಿಲ್ಲ ಹುಸೇನಮ್ಮ. ಯಾರಿಗೂ ಪೂರ್ತಿ ಗೊತ್ತಿಲ್ಲ. ಹುಡುಕಾಕತ್ತಾರ."

ಅಷ್ಟು ಓದಿದ ಮನುಷ್ಯ ಗೊತ್ತಿಲ್ಲ ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು. ಆ ದಿನದಿಂದ ಅವರು ಗೊತ್ತು ಎಂದದ್ದನ್ನೂ ನಂಬತೊಡಗಿದೆ. ನನ್ನನ್ನೂ ಕೇಳಿದರು, ನಿನಗೇನು ಅನ್ನಿಸುತ್ತದೆ ಎಂದು. ನಾನು ಅಂದೆ, "ನಾಕು ಹಡದೀನ್ರಿ. ಒಬ್ಬರಿಗೂ ಬುದ್ಧಿ ಬರೋದು ಕಣ್ಣಿಲೆ ನೋಡಲಿಲ್ಲ. ಒಂದಿನ ನೋಡತೀನಿ, ಸುಳ್ಳು ಹೇಳಾಕತ್ತಿದ್ವು."

ಮಾತು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಊರಿನ ಶಾಲೆಯ ಮಾಸ್ತರರು ಸರ್ ಅವರನ್ನು ಭಾಷಣಕ್ಕೆ ಕರೆದರು. ಮನುಷ್ಯ ಹೇಗಾದ ಎಂದು ಹೇಳಿರಿ, ಊರವರೂ ಬರುತ್ತಾರೆ ಎಂದರು. ಸರ್‌ಗೆ ಅಂಜಿಕೆ. ಕೋತಿಯ ಮಾತು ಬಂದರೆ ಜಗಳವಾಗುತ್ತದೆ ಎಂದು ಎರಡು ದಿನ ಅದಕ್ಕೇ ತಯಾರಿ ನಡೆಸಿದರು. ಕೋತಿಯೇ ಮನುಷ್ಯನಾಗಲಿಲ್ಲ, ಎರಡಕ್ಕೂ ಬಹಳ ಹಿಂದೆ ಒಬ್ಬರೇ ಹಿರಿಯರಿದ್ದರು ಎಂದು ಹೇಳುವ ರೀತಿಯನ್ನು ನಮ್ಮ ಮುಂದೆ ನಾಲ್ಕು ಥರ ಹೇಳಿ ನೋಡಿದರು.

ಶಾಲೆಯಲ್ಲಿ ಬೋರ್ಡಿನ ಮೇಲೆ ಸಾಲಾಗಿ ಚಿತ್ರ ಬರೆದು ಅದೆಲ್ಲ ಹೇಳಿದರು. ಒಬ್ಬರೂ ಸಿಟ್ಟಾಗಲಿಲ್ಲ. ಮುಂದೆ ಕುಳಿತಿದ್ದ ಮುದುಕನೊಬ್ಬ ಎದ್ದು, "ಇದು ನಮಗ ಗೊತ್ತದರಿ ಸಾಹೇಬ್ರ. ಹನುಮಪ್ಪ ಇದ್ದದ್ದು ಇಲ್ಲೇ ಹೊಳಿ ಆಚಿ ದಂಡ್ಯಾಗ. ನಮ್ಮ ಬಳಗನ ಅದು" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್‌ಗೆ ಆನಂದ ತಡೆಯಲಿಲ್ಲ. ಆ ಆನಂದದಲ್ಲಿ ಒಂದು ಮಾತು ಜಾಸ್ತಿ ಆಡಿದರು. ನಿಮ್ಮ ಅವ್ವನ ಕಟ್ಟೆಯ ಕಲ್ಲುಗಳೂ ಹಾಗೆ ಬುದ್ಧಿ ಬಂದ ಮನುಷ್ಯರು ಕೈಯಾರೆ ಮಾಡಿದ ಕೊಡಲಿಗಳೇ, ಸಿಡಿಲಿನಿಂದ ಬಿದ್ದವಲ್ಲ, ಕಟ್ಟಿಗೆ ಕಡಿಯಲು, ಸತ್ತ ದನದ ಚರ್ಮ ಹೆರೆಯಲು ಬಳಸಿದವು ಎಂದರು.

ಚಪ್ಪಾಳೆ ನಿಂತಿತು. ದುರುಗಪ್ಪ ಎದ್ದು, ಹೆಗಲ ಮೇಲಿನ ಟವೆಲ್ ಕೊಡವಿ, ಹೊರಗೆ ನಡೆದ. ಅವನ ಹಿಂದೆ ಅರ್ಧ ಶಾಲೆ ಖಾಲಿಯಾಯಿತು.

ಮರುದಿನ ಊರಿನ ಒಬ್ಬ ಆಳೂ ಕೆಲಸಕ್ಕೆ ಬರಲಿಲ್ಲ. ಗುಂಡಿಯ ಸುತ್ತ ಜಾಲಿ ಮುಳ್ಳು ಬಿದ್ದಿತ್ತು. ಗೌಡರು ಬಂದು ಕೈ ಮುಗಿದೇ ಹೇಳಿದರು. "ಸಾಹೇಬ್ರ, ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ಊರ ಬಿಟ್ಟು ನಾ ಇರಾಕ ಆಗಂಗಿಲ್ಲ. ದುರುಗಪ್ಪ ಒಪ್ಪೂತನ ಗುಂಡಿಗೆ ಇಳೀಬ್ಯಾಡ್ರಿ. ರಾಶಿ ಆದ ಮರುದಿನ ಮಾತ್ರ ಟ್ರ್ಯಾಕ್ಟರ್ ಬರತದ, ಅದು ನಿಲ್ಲಂಗಿಲ್ಲ."

ಸರ್ ಕನ್ನಡಕ ಒರೆಸುತ್ತ ಕುಳಿತರು. "ಮಂಗ್ಯಾ ಅಂದ್ರೂ ಸಿಟ್ಟಾಗಲಿಲ್ಲ, ಕೊಡಲಿ ಅಂದದ್ದಕ್ಕ ಯಾಕ ಸಿಟ್ಟು?" ಎಂದು ನನ್ನನ್ನೇ ಕೇಳಿದರು.

"ಮಂಗ್ಯಾ ಅಂದ್ರ ದೇವರಾತು. ಚರ್ಮ ಹೆರದ್ರು ಅಂದ್ರ ದೇವರು ಏನಾತು? ನಿಮ್ಮ ಮನಿ ದೇವರ ಜಗಲಿ ಮ್ಯಾಲಿಂದು ತೋರಿಸಿ ಇದು ಕಸಬರಿಗಿ ಅಂದ್ರ ನೀವು ಸುಮ್ನಿರತೀರೇನು?"

"ಹೌದಲ್ಲ, ಖರೇ ಅದ" ಎಂದರು. ನನಗೆ ಈ ಮನುಷ್ಯನಲ್ಲಿ ಇಷ್ಟವಾಗುತ್ತಿದ್ದದ್ದು ಇದೊಂದು. ಎದ್ದು ಸೀದಾ ದುರುಗಪ್ಪನ ಮನೆಗೆ ಹೋದರು, ನಾವೂ ಹಿಂದೆ ಹೋದೆವು. ಚರ್ಮದ ಮಾತು ತಪ್ಪಾಯಿತು ಎಂದರು. ಮತ್ತೆ ಕೊಡಲಿಯ ಮಾತು, ಎಂದು ದುರುಗಪ್ಪ ಕೇಳಿದ.

"ಅದು ಖರೇನ ದುರುಗಪ್ಪ. ಕೈಲೆ ಮಾಡಿದ್ದು."

ದುರುಗಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ, ತಲೆ ಎತ್ತಲಿಲ್ಲ. "ಇಂಥಾ ನುಣುಪು ಕೈಲೆ ಬರತದೇನ್ರಿ ಸಾಹೇಬ್ರ? ಕಬ್ಬಣ ಇಲ್ಲದ, ಮಶೀನು ಇಲ್ಲದ? ಹಂಗಾರ ಮಾಡಿ ತೋರಸ್ರಿ. ನನ್ನ ಕಣ್ಣ ಮುಂದ ಮಾಡ್ರಿ. ಕಟ್ಟಿ ಮ್ಯಾಲಿನ ಕಲ್ಲಿನ ಬಾಜೂ ಇಟ್ಟು ನೋಡತೀನಿ. ಹೊಂದ್ತು ಅಂದ್ರ ಮುಳ್ಳು ನಾನ ತೆಗೀತೀನಿ. ಹೊಂದಲಿಲ್ಲ ಅಂದ್ರ ನಿಮ್ಮ ಡೇರೆ ಕಿತಗೊಂಡು ನಡೀರಿ."

"ಆತು" ಎಂದರು ಸರ್. ಹೊರಗೆ ಬಂದ ಮೇಲೆ ನಾನು ಕೇಳಿದೆ, ಮುಂಚೆ ಯಾವಾಗಲಾದರೂ ಮಾಡಿದ್ದೀರಾ ಎಂದು. "ಓದೀನಿ" ಎಂದರು. ಹುಲಿಗೆಮ್ಮ ಅಲ್ಲೇ ಡೇರೆ ಮಡಚುವ ಮಾತು ತೆಗೆದಳು.

ಗುಡ್ಡದಿಂದ ಕರಿಕಲ್ಲು ತಂದೆವು. ಬೇರೆ ಗುಂಡುಕಲ್ಲಿನಿಂದ ಅದರ ಅಂಚು ಹೊಡೆದು ಹೊಡೆದು ಮೊದಲು ಆಕಾರ ತರಬೇಕು. ಸರ್ ಹೊಡೆದ ಮೊದಲ ಕಲ್ಲು ಎರಡು ತುಂಡಾಯಿತು. ಎರಡನೆಯದರಲ್ಲಿ ಕಲ್ಲು ಉಳಿಯಿತು, ಹೆಬ್ಬೆರಳು ಒಡೆಯಿತು. ದುರುಗಪ್ಪ ಎದುರಿಗೇ ಕುಳಿತು ನೋಡುತ್ತಿದ್ದ, ಕಬ್ಬಿಣ ಮುಟ್ಟುತ್ತಾರೇನೋ ಎಂದು. ಸರ್ ಬೆರಳು ಬಾಯಲ್ಲಿಟ್ಟುಕೊಂಡಾಗ, "ಬುದ್ಧಿ ಕೈಯಿಂದ ತಲಿಗೆ ಏರತದಂತ ಹೇಳಿದ್ರಿ. ಏರ್ತೇನ್ರಿ?" ಎಂದ. ಸರ್ ಬಾಯಿಂದ ಬೆರಳು ತೆಗೆದು, "ಏರಾಕತ್ತದ" ಎಂದರು. ಅದನ್ನು ಕೇಳಿ ದುರುಗಪ್ಪನಿಗೆ ನಗು ಬಂತು, ಆದರೆ ಮುಖ ಆ ಕಡೆ ತಿರುಗಿಸಿ ನಕ್ಕ.

ಕಲ್ಲುಗಳು ಹಾಳಾದವು, ಸರ್ ಬಿಡಲಿಲ್ಲ. ಕೊನೆಗೆ ಒಂದಕ್ಕೆ ಒರಟು ಆಕಾರ ಬಂತು. ಅದನ್ನು ಗುಂಡುಕಲ್ಲಿನ ತುದಿಯಿಂದ ಕುಟ್ಟಿ ಕುಟ್ಟಿ ಏರುತಗ್ಗು ತೆಗೆದೆವು. ಆಮೇಲೆ ತಿಕ್ಕುವುದು. ಎಲ್ಲಿ ತಿಕ್ಕುವುದು? ಗುಡ್ಡದ ಬಂಡೆಯ ಮೇಲೆ ಮೊಳದುದ್ದದ ನುಣುಪಾದ ತಗ್ಗುಗಳಿವೆ, ಉದ್ದ ಬಟ್ಟಲಿನ ಹಾಗೆ. ಸರ್ ಅಲ್ಲಿಗೆ ಹೊರಟರು. ದುರುಗಪ್ಪ ಅಡ್ಡ ನಿಂತ. ಅವು ಅವ್ವ ಅರಿಷಿಣ ತೇದ ತಗ್ಗು, ಹಾಗೆಲ್ಲ ಕೂರುವ ಹಾಗಿಲ್ಲ ಎಂದ. ಇನ್ನೊಂದು ಜಗಳ ಶುರುವಾಯಿತು ಎಂದುಕೊಂಡೆ. ಆದರೆ ಅವನೇ ಕಾಯಿ ಒಡೆದು, ಅರಿಷಿಣ ಹಚ್ಚಿ, "ಅವ್ವಾ, ಈ ಹುಂಬ ಸಾಹೇಬ ಸೋಲಲಿ ಅಂತ ಜಾಗಾ ಕೊಡಾಕತ್ತೀನಿ" ಎಂದು ಗಟ್ಟಿಯಾಗಿ ಬೇಡಿಕೊಂಡ. ಸರ್ ಕೂಡ ಕೈ ಮುಗಿದರು. ಯಾತಕ್ಕೆ ಮುಗಿದರೋ ನಾನು ಕೇಳಲಿಲ್ಲ.

ತಗ್ಗಿಗೆ ಮರಳು ಹಾಕಿ, ನೀರು ಚಿಮುಕಿಸಿ, ಸರ್ ತಿಕ್ಕತೊಡಗಿದರು. ಒಂದು ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ. ಖಾಸಿಂಸಾಬ ಕೂತ, ಬೆನ್ನು ಹಿಡಿಯಿತು ಎಂದು ಎದ್ದ. ದುರುಗಪ್ಪನಿಗೆ ಸುಮ್ಮನೆ ಕೂರಲು ಆಗುತ್ತಿಲ್ಲ. ಅವನ ಕೈ ತಾನಾಗಿಯೇ ತೊಡೆಯ ಮೇಲೆ ಹಿಂದೆ ಮುಂದೆ ಆಡುತ್ತಿತ್ತು.

"ಹಂಗಲ್ರೀ ಅದು. ಮಣಿಕಟ್ಟ ಬಿಗಿ ಹಿಡದೀರಿ. ನೀರ ಕಡಿಮಿ ಆತು."

"ನೀವು ಮಾತಾಡಂಗಿಲ್ಲ ದುರುಗಪ್ಪ. ನೀವು ಆ ಕಡಿಯವರು" ಎಂದೆ ನಾನು.

"ಆ ಕಡೀ ಆದ್ರೇನು, ಕಣ್ಣಿಲೆ ನೋಡಾಕ ಆಗವಲ್ದು. ತಾ ಇಲ್ಲಿ."

ಕಲ್ಲು ಕಿತ್ತುಕೊಂಡು ತಾನೇ ಕುಳಿತ. ಸರ್ ಸೋಲಲಿ ಎಂದು ಬೇಡಿಕೊಂಡವನು ಸರ್ ಅವರ ಕಲ್ಲನ್ನೇ ಹೊತ್ತು ಮುಳುಗುವ ತನಕ ತಿಕ್ಕಿದ. ಮರುದಿನ ನಾವು ಹೋಗುವ ಹೊತ್ತಿಗೆ ಅವನು ಮೊದಲೇ ಬಂದು ಕುಳಿತಿದ್ದ, ಅವನ ಎದುರಿನ ತಗ್ಗಿನಲ್ಲಿ ಅವನ ಹೆಂಡತಿ ತನ್ನದೇ ಬೇರೆ ಕಲ್ಲು ಇಟ್ಟುಕೊಂಡು ತಿಕ್ಕುತ್ತಿದ್ದಳು. ಕೆಲಸ ಬಿಟ್ಟಿದ್ದ ಊರ ಹೆಂಗಸರು ನೋಡಲು ಬಂದವರು ಅಲ್ಲೇ ಕುಳಿತರು. ರೊಟ್ಟಿ ಬಂತು, ಎಲೆ ಅಡಿಕೆ ಬಂತು, ಯಾರ ಸೊಸೆ ಯಾರಿಗೆ ಏನೆಂದಳು ಎಂಬ ಸುದ್ದಿಯೆಲ್ಲ ಬಂತು. ತಗ್ಗುಗಳು ಎದುರು ಬದುರಾಗಿ ಇದ್ದವು, ಮಾತಿಗೆ ಅನುಕೂಲವಾಗಿ. ಸರ್ ಅದನ್ನೇ ನೋಡುತ್ತ ನಿಂತರು.

"ಅವರೂ ಹಿಂಗ ಕುಂತಿರಬೇಕು ಹುಸೇನಮ್ಮ" ಎಂದರು.

"ಮತ್ತೇನ್ರಿ, ಒಬ್ಬಾಕಿನ ಕುಂತು ಇಷ್ಟು ತಿಕ್ಕಾಕ ಹುಚ್ಚು ಹಿಡದಿರತದೇನು?" ಎಂದಳು ಹುಲಿಗೆಮ್ಮ.

ಬಾಯಿ ಮಸೆಯುವ ಪಾಳಿ ನನ್ನದಾಯಿತು. ಕಲ್ಲನ್ನು ಓರೆ ಹಿಡಿದು, ತಳ್ಳಿ ಎಳೆದು, ತಳ್ಳಿ ಎಳೆದು. ಸ್ವಲ್ಪ ಹೊತ್ತಿಗೆ ಕಲ್ಲು ತಾನೇ ದಾರಿ ಹಿಡಿಯಿತು. ತಗ್ಗು ಎಲ್ಲಿ ಆಳವೋ ಅಲ್ಲಿ ಕೈ ತಾನಾಗಿ ಇಳಿಯುತ್ತದೆ, ಎಲ್ಲಿ ಮುಗಿಯುತ್ತದೋ ಅಲ್ಲಿ ತಿರುಗುತ್ತದೆ. ಮುಂಚೆ ಕುಳಿತವರ ತೋಳಿನ ಉದ್ದಕ್ಕೆ ನನ್ನ ತೋಳು ಸರಿಹೋಯಿತು. ಅದಕ್ಕಿಂತ ಹೆಚ್ಚು ನಾನು ಏನೂ ಹೇಳುವುದಿಲ್ಲ. ಬೆನ್ನು ಮಾತ್ರ ನೋಯುತ್ತಿತ್ತು, ಅವರಿಗೂ ನೊಂದಿರುತ್ತದೆ.

ಅತ್ತ ಜೋಳ ಕೊಯ್ಯಲು ಶುರುವಾಗಿತ್ತು. ಖಾಸಿಂಸಾಬ ದಿನಾ ಸಂಜೆ ಹೊಲ ನೋಡಿ ಬಂದು ಉಳಿದ ಸಾಲು ಹೇಳುತ್ತಿದ್ದ. ಸರ್ ಮುಖ ಸಣ್ಣದಾಗುತ್ತಿತ್ತು.

ಕಲ್ಲು ಮುಗಿಯಿತು. ಊರೆಲ್ಲ ಕಟ್ಟೆಯ ಹತ್ತಿರ ಸೇರಿತು, ಗೌಡರೂ ಬಂದರು. ದುರುಗಪ್ಪ ಕಲ್ಲು ತೊಳೆದು, ಎಣ್ಣೆ ಹಚ್ಚಿ, ಕಟ್ಟೆಯ ಒಂದು ಕಲ್ಲಿನ ಪಕ್ಕ ಇಟ್ಟ. ಎರಡನ್ನೂ ಕೈಗೆ ತೆಗೆದುಕೊಂಡ. ಅದಲು ಬದಲು ಮಾಡಿದ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದ.

"ಹೊಂದ್ತದ" ಎಂದ.

ಗೌಡರು ಕೇಳಿದರು, "ಹಂಗಾರ ದುರುಗಪ್ಪ, ಕೈಲೆ ಮಾಡಿದ್ದು ಅಂತಾತು. ಇನ್ನ ದೇವರು ಎಲ್ಲಿ ಉಳೀತು?"

"ಎಲ್ಲಿ ಹೋಗತದ ಗೌಡ್ರ? ಗಣಪ್ಪನ್ನ ಕುಂಬಾರ ಮಾಡತಾನ, ನಿಮ್ಮ ಲಿಂಗ ಕಲ್ಲಕುಟಿಗ ಮಾಡತಾನ. ಅದಕ್ಕ ಕೈ ಮುಗಿಯೋದು ಬಿಟ್ಟೀರೇನು? ಸಿಡಿಲು ಬಿಟ್ಟು ಕೈಲೆ ಬಂದಾಳ ಅವ್ವ. ಬರಲಿ. ಆ ಕೈಯಾಗ ಜೀವ ಇಟ್ಟಾಕಿ ಯಾರು ಅಂತ ಸಾಹೇಬ್ರಿಗೂ ಗೊತ್ತಿಲ್ಲಂತ, ಆಗ ಈ ಹುಸೇನಿ ಕೇಳಿದಾಗ ಹೇಳ್ಯಾರ. ನನಗ ಗೊತ್ತದ. ಅಷ್ಟ ಫರಕು."

ಸರ್ ನಕ್ಕು, "ಅಷ್ಟ ಫರಕು" ಎಂದರು.

"ಆದ್ರ ಚರ್ಮದ ಮಾತು ಕಟ್ಟಿ ಮುಂದ ಬ್ಯಾಡ."

"ಬ್ಯಾಡ."

ದುರುಗಪ್ಪ ಹೊಸ ಕಲ್ಲನ್ನು ಕಟ್ಟೆಯ ಮೇಲೆಯೇ ಇಡಲು ಹೋದ. ಈಗ ಸರ್ ಅಡ್ಡ ನಿಂತರು. ಹಳೆಯದರಲ್ಲಿ ಹೊಸದು ಬೆರೆಸುವಂತಿಲ್ಲ, ಮುಂದೆ ನೋಡುವವರಿಗೆ ಮೋಸವಾಗುತ್ತದೆ ಎಂದರು. ಅವ್ವನ ತಗ್ಗಿನಲ್ಲಿ ತಿಕ್ಕಿದ್ದು ಅವ್ವನಿಗೇ ಸೇರಬೇಕು ಎಂದ ದುರುಗಪ್ಪ. ಅಷ್ಟೆಲ್ಲ ಆದ ಮೇಲೆ ಇದಕ್ಕೆ ಮತ್ತೆ ಮುಳ್ಳು ಬೀಳುತ್ತದೇನೋ ಎಂದು ನನಗೆ ಸಿಟ್ಟು ಬಂತು. "ಗುರುತು ಹಾಕಿ ಇಡ್ರಿ, ಕಬ್ಬಣ ಹಚ್ಚಬ್ಯಾಡ್ರಿ, ಬೆಣಚುಕಲ್ಲಿಲೆ ಕೆರೀರಿ. ಇಬ್ಬರೂ ಬಾಯಿ ಮುಚ್ಚರಿ. ಜ್ವಾಳ ಮುಗಿಯಾಕ ಬಂತು" ಎಂದೆ. ಇಬ್ಬರೂ ಮುಚ್ಚಿದರು. ನೀನೇ ಹಾಕು ಎಂದು ಸರ್ ಕಲ್ಲು ನನ್ನ ಕೈಗೆ ಕೊಟ್ಟರು. ಬುಡದ ಕಡೆ ನನ್ನ ಹೆಸರಿನ ಮೊದಲ ಅಕ್ಷರ ಕೆರೆದೆ. ಅಕ್ಷರ ಸೊಟ್ಟಗೆ ಬಂತು, ಆದರೂ ಅಕ್ಷರವೇ.

ಮುಳ್ಳನ್ನು ದುರುಗಪ್ಪನೇ ತೆಗೆದ. ಊರ ಹೆಂಗಸರೆಲ್ಲ ಗುಂಡಿಗೆ ಇಳಿದರು. ಗೌಡರಿಗೆ ದುರುಗಪ್ಪ ಏನು ಹೇಳಿದನೋ, ರಾಶಿಯಾದ ಮೇಲೂ ಟ್ರ್ಯಾಕ್ಟರ್ ಮೊದಲು ಆಚೆಯ ಹೊಲಕ್ಕೆ ಹೋಯಿತು, ನಮ್ಮ ಕಡೆ ತಡವಾಗಿ ಬಂತು. ಅಷ್ಟರಲ್ಲಿ ನೆಲ ಪೂರ್ತಿ ಬಿಡಿಸಿದೆವು. ದುಂಡನೆಯ ಮನೆ. ನಡುವೆ ಒಲೆಯ ಬೂದಿ. ಒಲೆಯ ಪಕ್ಕ ಒಂದು ಕರಿಕಲ್ಲು. ಒಂದು ಮಗ್ಗುಲು ಕುಟ್ಟಿ ಸಮ ಮಾಡಿದ್ದರು, ಇನ್ನೊಂದು ಮಗ್ಗುಲು ಹಾಗೇ ಇತ್ತು. ಅರ್ಧ ಮಾಡಿ ಬಿಟ್ಟದ್ದು.

ಮುಂಚೆ ಆಗಿದ್ದರೆ ಅದು ನಮಗೆ ಬರೀ ಕಲ್ಲು. ಈಗ ಎಲ್ಲರೂ ಬಗ್ಗಿ ನೋಡಿದರು. ಯಾವ ಹಂತಕ್ಕೆ ನಿಂತಿದೆ ಎಂದು ಊರಿಗೆಲ್ಲ ಗೊತ್ತಿತ್ತು. "ಇನ್ನೂ ತಿಕ್ಕಾಕ ಒಯ್ದಿಲ್ಲ" ಎಂದ ದುರುಗಪ್ಪ.

"ಯಾಕ ಬಿಟ್ಟಾರೋ" ಎಂದರು ಸರ್.

"ಗಂಡ ಉಣ್ಣಾಕ ನೀಡು ಅಂದಿರತಾನ" ಎಂದಳು ಹುಲಿಗೆಮ್ಮ.

ಆ ಕಲ್ಲು ರಾಯಚೂರಿಗೆ ಹೋಯಿತು. ಗೌಡರ ಹೊಲ ಸಪಾಟಾಯಿತು, ಈಗ ಅಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ. ಸರ್ ನಿವೃತ್ತರಾದರು. ಹುಲಿಗೆಮ್ಮ ಇಲ್ಲ, ದುರುಗಪ್ಪನೂ ಇಲ್ಲ. ಕೆಲಸ ಬದಲಾಗಿದೆ. ನಾವು ದಾರ ಹಿಡಿದು ಅಳೆದದ್ದನ್ನು ಈಗ ಮೂರು ಕಾಲಿನ ಯಂತ್ರ ಅಳೆಯುತ್ತದೆ. ಮೇಲಿನಿಂದ ಫೋಟೋ ಹೊಡೆಯಲು ಖಾಸಿಂಸಾಬ ಬೇವಿನ ಗಿಡ ಹತ್ತುತ್ತಿದ್ದ, ಈಗ ಡ್ರೋನ್ ಹಾರುತ್ತದೆ. ಒಳ್ಳೆಯದು, ಅವನು ಎರಡು ಸಲ ಬಿದ್ದಿದ್ದ. ಬುಟ್ಟಿ, ಜರಡಿ, ಕರಣಿ, ಬೆನ್ನುನೋವು ಹಾಗೇ ಇವೆ.

ಮೊನ್ನೆ ರೇಣುಕಾ ನನ್ನನ್ನು ಆ ಹಳ್ಳಿಗೆ ಕರೆದುಕೊಂಡು ಹೋದಳು. ಕಟ್ಟೆಯ ಕಲ್ಲುಗಳ ಫೋಟೋ ತೆಗೆಯಬೇಕಿತ್ತು. ಅವುಗಳಲ್ಲಿ ಒಂದು ಹೊಸದು, ಹುಸೇನಮ್ಮನಿಗೆ ಗೊತ್ತು ಎಂದು ಇನಾಮದಾರ ಸರ್ ಫೋನಿನಲ್ಲಿ ಹೇಳಿದ್ದರಂತೆ. "ಯಾವುದು ತೋರಸು ಯವ್ವಾ, ಅದನ್ನ ಬಿಟ್ಟು ಹಳೇದು ಅಷ್ಟ ತಗೀತೀನಿ" ಎಂದಳು.

ತೋರಿಸುವುದೇನು ದೊಡ್ಡದು ಎಂದು ಕುಳಿತೆ. ಮೊದಲ ಸಾಲು ತಿರುವಿ ನೋಡಿದೆ, ಅಕ್ಷರ ಇಲ್ಲ. ಎಣ್ಣೆ, ಅರಿಷಿಣ ಗಟ್ಟಿಯಾಗಿ ಬುಡಕ್ಕೆಲ್ಲ ಹೊರೆಗಟ್ಟಿತ್ತು. ಹೆಬ್ಬೆರಳಿನಿಂದ ಉಜ್ಜಿದೆ, ವರ್ಷವರ್ಷ ತೊಳೆದು ಅಕ್ಷರ ಸವೆದುಹೋಗಿರಬೇಕು. ಎರಡನೆಯ ಸಾಲು. ಬಾಯಿ ಸವರಿದರೆ ಇದು ನಾನೇ ಮಸೆದದ್ದು ಅನ್ನಿಸಿತು. ಪಕ್ಕದ್ದು ಸವರಿದರೆ ಅದೂ ಹಾಗೇ. ನಾನು ತಿಕ್ಕಿದ ಕಲ್ಲು ನನಗೇ ಗೊತ್ತಾಗಲಿಲ್ಲ.

ರೇಣುಕಾಳಿಗೆ ಹೇಳಿದೆ, "ಒಂದು 'ನಮ್ಮದು' ಅಂತ ಬರಿ. ಯಾವುದು ಅನ್ನೋದು ಗೊತ್ತಿಲ್ಲ ಅಂತ ಬರಿ."

"ಗೊತ್ತಿಲ್ಲ ಅಂತ ಹ್ಯಾಂಗ ಬರೀಲಿ ಯವ್ವಾ?"

"ಇನಾಮದಾರ ಸರ್ ಬರೀತಿದ್ರು."

ಅಷ್ಟರಲ್ಲಿ ದುರುಗಪ್ಪನ ಸೊಸೆ ಶಿವಮ್ಮ ಬಂದಳು, ಈಗ ಪೂಜೆ ಅವಳದೇ. ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ಬೇ ಮುದುಕಿ, ಅವ್ವನ್ನೆಲ್ಲಾ ಮಗಚಿ ಹಾಕಿದಿ. ಇನ್ನ ತೊಳದು ಎಣ್ಣಿ ಹಚ್ಚೋರು ಯಾರು, ನಿಮ್ಮ ಡ್ರೋನು ಬಂದು ಹಚ್ತದೇನು?"

"ನಾನ ಹಚ್ತೀನಿ, ತಾ ಬಟ್ಟಲಾ" ಎಂದೆ.

ಒಂದೊಂದಾಗಿ ತೊಳೆದೆ, ಒರೆಸಿದೆ, ಎಣ್ಣೆ ಹಚ್ಚಿ ಇದ್ದಲ್ಲೇ ಇಟ್ಟೆ. ಬಿಸಿಲು ಇಳಿಯಿತು, ಬೆನ್ನು ಹಿಡಿಯಿತು. ರೇಣುಕಾ ಜೀಪಿನ ಹತ್ತಿರದಿಂದ ಕೂಗಿದಳು, "ಸಿಕ್ತೇನು ಯವ್ವಾ?"

"ಇಲ್ಲ. ಎಲ್ಲಾಕ್ಕೂ ಎಣ್ಣಿ ಹಚ್ಚೀನಿ, ನಮ್ಮದಕ್ಕೂ ಹತ್ತಿರತದ ಬಿಡು."